ಬೇಲಿ ಹಾರಿದವರು

ಮಲೆನಾಡಿನಲ್ಲಿ ಮೂವರು ಕಾಫಿ ಬೆಳೆಗಾರರು ಒಂದೆಡೆ ಕೂತರೆ ಬೈಗುಳಕ್ಕೆ ಮೂರು ಪಾತ್ರಗಳು ಖಾಯಂ. ಒಂದು ಮಳೆ, ಇನ್ನೊಂದು ಆನೆ, ಮತ್ತೊಂದು ವಿಯೆಟ್ನಾಂ. ಮಳೆಯನ್ನು ಬೈದರೆ ದೇವರಿಗೆ ಬೇಜಾರಾದೀತು, ಆನೆಯನ್ನು ಬೈದರೆ ಅರಣ್ಯ ಇಲಾಖೆಗೆ. ವಿಯೆಟ್ನಾಮನ್ನು ಬೈದರೆ ಯಾಕಪ್ಪಾ ಎಂದು ಕೇಳುವವರೇ ಇಲ್ಲ. ಹಾಗಾಗಿ ಸಿಂಹಪಾಲು ಅದಕ್ಕೇ ಸಲ್ಲುತ್ತದೆ. ರೊಬಸ್ಟಾ ರೇಟು ಇಳಿಯಿತೇ? ವಿಯೆಟ್ನಾಂ. ಕಾಳುಮೆಣಸು ಬಿತ್ತೇ? ಇನ್ಯಾರು, ಅದೇ ವಿಯೆಟ್ನಾಂ, ಶ್ರೀಲಂಕಾದ ಹಿಂಬಾಗಿಲಿನಿಂದ ನುಗ್ಗಿಸುತ್ತಿದ್ದಾರೆ. ಈ ಕೂಗು ದೆಹಲಿಗೂ ಮುಟ್ಟಿ, 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಅಗ್ಗದ ಮೆಣಸು ದೇಶದೊಳಗೆ ಬರಕೂಡದೆಂದು ಸರ್ಕಾರ ಕಟ್ಟಳೆ ಮಾಡಬೇಕಾಯಿತು.

ಇಷ್ಟು ಬೈಸಿಕೊಳ್ಳುವುದಕ್ಕೂ ಯೋಗ್ಯತೆ ಬೇಕು. 1988ರಲ್ಲಿ ಉತ್ತರ ವಿಯೆಟ್ನಾಮಿನ ಹಳ್ಳಿಗಳಲ್ಲಿ ಅನ್ನಕ್ಕೆ ಹಾಹಾಕಾರವಿತ್ತು. ಅದಾಗಿ ಹನ್ನೆರಡೇ ವರ್ಷಕ್ಕೆ ಅದೇ ದೇಶ ಕಾಫಿಯಲ್ಲಿ ಬ್ರೆಜಿಲ್ ಒಂದನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದೆ ಹಾಕಿತ್ತು. ಮೂಡಿಗೆರೆ ಕಡೆಯ ಗೆಳೆಯರೊಬ್ಬರು ಒಮ್ಮೆ ಮಾತಿನ ಮಧ್ಯೆ ಕೇಳಿದರು: "ಅಲ್ಲಾ ಮಾರಾಯ, ಅಮೆರಿಕದವರ ಬಾಂಬು ತಿಂದ ನೆಲ, ಮೇಲೆ ಕಮ್ಯುನಿಸ್ಟ್ ಸರ್ಕಾರ, ಕೈಯಲ್ಲಿ ಕಾಸಿಲ್ಲ. ಇವರಿಗೆ ಈ ಕಸುವು ಬಂದದ್ದಾದರೂ ಎಲ್ಲಿಂದ?"

ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಕೋಟು ತೊಟ್ಟು ಕೇಳುತ್ತಾರೆ. ಎಲ್ಲವನ್ನೂ ಸರ್ಕಾರವೇ ಯೋಜಿಸಿ ಹಂಚುತ್ತಿದ್ದ ದೇಶಗಳು ಮಾರುಕಟ್ಟೆಯ ದಾರಿಗೆ ಹೊರಳಿದಾಗ ಕೆಲವು ಬೆಳೆದವು, ಕೆಲವು ಮುಗ್ಗರಿಸಿದವು. ಬೆಳೆದವರನ್ನು ಬೆಳೆಸಿದ್ದು ಯಾವುದು? ಈ ಬಗ್ಗೆ ಬಂದಿರುವ ಪುಸ್ತಕಗಳನ್ನು ಪೇರಿಸಿದರೆ ಕಾಫಿ ಗೋದಾಮೇ ಬೇಕಾದೀತು. ನನಗೆ ಅಷ್ಟು ಓದುವ ತಾಳ್ಮೆಯಿಲ್ಲ. ಓದಿದಷ್ಟರಲ್ಲಿ ಮನಸ್ಸಿನಲ್ಲಿ ಉಳಿದದ್ದು ಸೂತ್ರಗಳಲ್ಲ, ಕೆಲವು ಮನುಷ್ಯರು. ಅವರ ಸಂಗತಿ ಹೇಳಿಬಿಡುತ್ತೇನೆ.

ಮೊದಲು ಹನೋಯಿಯ ರೇಷನ್ ಕಾಲಕ್ಕೆ ಹೋಗಿ ಬರೋಣ. ಯುದ್ಧ ಮುಗಿದ ಮೇಲಿನ ಹನ್ನೊಂದು ವರ್ಷ, ಅಂದರೆ 1975ರಿಂದ 86ರವರೆಗೆ, ಅಕ್ಕಿ, ಮಾಂಸ, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಚೀಟಿ. ಜನ ಬೆಳಗಿನ ಜಾವ ಎದ್ದು ಬಂದು ಇಟ್ಟಿಗೆಯ ಮೇಲೆ ಹೆಸರು ಬರೆದು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಿದ್ದರು. ಸೊಸೈಟಿಯ ಮುಂದೆ ಸೀಮೆಎಣ್ಣೆ ಡಬ್ಬ ಸಾಲಿಟ್ಟು ಬೆಳೆದ ನಮ್ಮ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ. ಯಾರಾದರೂ ಮುಖ ಜೋಲು ಹಾಕಿಕೊಂಡಿದ್ದರೆ "ಅಕ್ಕಿ ಪುಸ್ತಕ ಕಳೆದುಕೊಂಡವನ ಹಾಗಿದ್ದೀಯಲ್ಲ" ಎಂದು ಅಲ್ಲಿಯವರು ಈಗಲೂ ಛೇಡಿಸುವುದುಂಟಂತೆ. ಸಂಬಳ ಸಾಲದೆ ಸರ್ಕಾರಿ ನೌಕರರು, ಮೇಷ್ಟ್ರುಗಳು ವಸತಿ ಗೃಹದ ಬಚ್ಚಲಿನಲ್ಲೇ ಹಂದಿ ಸಾಕಿದರು. ಆಗಿನದೊಂದು ಪ್ರಸಿದ್ಧ ನಗೆಚಟಾಕಿ: ಪ್ರೊಫೆಸರರು ಹಂದಿ ಸಾಕುತ್ತಿದ್ದಾರೆ ಎನ್ನುವುದು ತಪ್ಪು, ಹಂದಿಯೇ ಪ್ರೊಫೆಸರರನ್ನು ಸಾಕುತ್ತಿದೆ.

ಹಳ್ಳಿಗಳಲ್ಲಿ ಸಹಕಾರಿ ಬೇಸಾಯ. ಎಲ್ಲರ ಗದ್ದೆಯೂ ಒಂದು, ಗಂಟೆ ಹೊಡೆದಾಗ ಕೆಲಸ, ಕೆಲಸಕ್ಕೆ ಅಂಕ, ಅಂಕಕ್ಕೆ ತಕ್ಕಷ್ಟು ಭತ್ತ. ಬಗ್ಗಿ ನಾಟಿ ಮಾಡಿದವನಿಗೂ ಬದುವಿನ ಮೇಲೆ ನಿಂತು ಬೀಡಿ ಸೇದಿದವನಿಗೂ ಅಂಕದಲ್ಲಿ ಅಂಥ ವ್ಯತ್ಯಾಸವೇನೂ ಬೀಳದು. ಆದರೆ ಪ್ರತಿ ಮನೆಗೂ ಸೊಪ್ಪು, ತರಕಾರಿ, ಕೋಳಿ, ಹಂದಿಗೆಂದು ಒಂದಿಷ್ಟು ಹಿತ್ತಲು ಬಿಟ್ಟಿದ್ದರು, ಒಟ್ಟು ಜಮೀನಿನ ಶೇಕಡಾ 5ರಷ್ಟು. ಮನೆಯ ಆದಾಯದ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಈ ಶೇಕಡಾ 5ರಿಂದಲೇ ಬರುತ್ತಿತ್ತು! ಆ ಶೇಕಡಾ 5 ಏನು ಹೇಳುತ್ತಿದೆ ಎಂದು ಸರ್ಕಾರಕ್ಕೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಒಬ್ಬರಿಗೆ ಬೇಗ ತಿಳಿಯಿತು. ಹನೋಯಿಯ ಪಕ್ಕದ ವಿನ್ ಫುಕ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಕಿಮ್ ನ್ಗೋಕ್. 1966ರಲ್ಲಿ, ನೆತ್ತಿಯ ಮೇಲೆ ಅಮೆರಿಕದ ವಿಮಾನ ಹಾರಾಡುತ್ತಿದ್ದ ಹೊತ್ತಿನಲ್ಲಿ, ಇವರು ಗದ್ದೆಗಳನ್ನು ಕುಟುಂಬಗಳಿಗೆ ಗುತ್ತಿಗೆ ಕೊಟ್ಟುಬಿಟ್ಟರು. ಇಂತಿಷ್ಟು ಭತ್ತ ಸಹಕಾರ ಸಂಘಕ್ಕೆ ಅಳೆಯಿರಿ, ಉಳಿದದ್ದು ನಿಮ್ಮದು. ಇಳುವರಿ ಏರಿತು, ಹೊಟ್ಟೆ ತುಂಬಿತು, ಕೂಡಲೇ ಮೇಲಿನವರ ಕಣ್ಣೂ ಬಿತ್ತು. ಪಕ್ಷದ ದೊಡ್ಡ ತತ್ವಶಾಸ್ತ್ರಿ ಟ್ರುವಾಂಗ್ ಚಿನ್ 1968ರಲ್ಲಿ ಇದು ಬಂಡವಾಳಶಾಹಿಯ ಹಾದಿ ಎಂದು ಝಾಡಿಸಿದರು. ಕಿಮ್ ನ್ಗೋಕ್ ತಪ್ಪೊಪ್ಪಿಗೆ ಬರೆದುಕೊಟ್ಟು ಸುಮ್ಮನಾದರು, 1979ರಲ್ಲಿ ತೀರಿಕೊಂಡರು. ಆದರೆ ರೈತರು ತಪ್ಪೊಪ್ಪಿಗೆ ಬರೆದಿರಲಿಲ್ಲವಲ್ಲ! ಗುತ್ತಿಗೆ ಗುಟ್ಟಿನಲ್ಲಿ ಅಲ್ಲಲ್ಲಿ ನಡೆದೇ ಇತ್ತು. ಹೈಫಾಂಗ್ ಕಡೆಯ ಹಳ್ಳಿಗಳಲ್ಲಿ ಅದು ಎಷ್ಟು ಹಬ್ಬಿತೆಂದರೆ, 1981ರಲ್ಲಿ ಸರ್ಕಾರ ಅರೆಮನಸ್ಸಿನಿಂದ ಒಪ್ಪಿಗೆಯ ಮುದ್ರೆ ಒತ್ತಿತು.

ಎರಡನೆಯವರು ಸೈಗಾನಿನ ಹೆಂಗಸು, ಬಾ ತಿ. ಎಪ್ಪತ್ತರ ದಶಕದ ಕೊನೆಗೆ ಮೆಕಾಂಗ್ ನದಿಯ ಬಯಲಿನಲ್ಲಿ ಭತ್ತ ಬೇಕಾದಷ್ಟಿದೆ, ಕೂಗಳತೆಯ ಸೈಗಾನಿನಲ್ಲಿ ಜನ ಅನ್ನಕ್ಕೆ ಜೋಳ, ಗೆಣಸು ಬೆರೆಸಿ ತಿನ್ನುತ್ತಿದ್ದಾರೆ. ಕಾರಣ ಸರಳ. ಸರ್ಕಾರ ಕೊಡುವ ಖರೀದಿ ಬೆಲೆ ಪೇಟೆ ಬೆಲೆಯ ಕಾಲುಭಾಗವೂ ಇಲ್ಲ, ರೈತ ಮಾರಲೊಲ್ಲ. ಖಾಸಗಿಯಾಗಿ ಸಾಗಿಸೋಣವೆಂದರೆ ದಾರಿಯುದ್ದಕ್ಕೂ ಚೆಕ್‌ಪೋಸ್ಟು, ಹತ್ತು ಕಿಲೋ ಅಕ್ಕಿಗೂ ಮುಟ್ಟುಗೋಲು. ಆಹಾರ ಇಲಾಖೆಯಲ್ಲಿದ್ದ ಬಾ ತಿ ಸರ್ಕಾರಿ ಹಣ ತೆಗೆದುಕೊಂಡು ಹೋಗಿ ಪೇಟೆ ಬೆಲೆಗೇ ಭತ್ತ ಕೊಂಡು ಪಟ್ಟಣಕ್ಕೆ ತರತೊಡಗಿದರು. ಸಿಕ್ಕಿಬಿದ್ದರೆ ಸೆರೆಮನೆ. ನಗರದ ಪಕ್ಷದ ಮುಖಂಡ ವೊ ವಾನ್ ಕಿಯೆಟ್ ಆಗ ಆಕೆಗೆ ಒಂದು ಭರವಸೆ ಕೊಟ್ಟರೆಂದು ಪ್ರತೀತಿ: ನೀನು ಜೈಲಿಗೆ ಹೋದರೆ ಅಲ್ಲಿಗೆ ಊಟ ನಾನೇ ತಂದುಕೊಡುತ್ತೇನೆ. ಎಂಥ ಭರವಸೆ ನೋಡಿ! ಬಿಡಿಸುತ್ತೇನೆ ಎನ್ನಲಿಲ್ಲ, ಊಟ ತರುತ್ತೇನೆ ಎಂದರು. ಆಕೆ ಜೈಲಿಗೆ ಹೋಗಲಿಲ್ಲ. ಆತ ಮುಂದೆ ಪ್ರಧಾನಿಯಾದರು.

ಇಂಥದಕ್ಕೆಲ್ಲ ವಿಯೆಟ್ನಾಮಿನವರು ಬೇಲಿ ಮುರಿಯುವುದು ಎನ್ನುತ್ತಿದ್ದರು. ಆ ಕಾಲದಲ್ಲಿ ಬೇಲಿ ಮುರಿಯದ ಕಾರ್ಖಾನೆಯಿಲ್ಲ, ಜಿಲ್ಲೆಯಿಲ್ಲ. ಗಿರಣಿಗಳು ಯೋಜನೆಯ ಲೆಕ್ಕಕ್ಕೊಂದಿಷ್ಟು ನೇಯ್ದು, ಮೇಲಿನದನ್ನು ಸಿಕ್ಕಿದ ಬೆಲೆಗೆ ಮಾರಿ ಕಾರ್ಮಿಕರಿಗೆ ಬೋನಸ್ ಕೊಟ್ಟವು. ಕಿಯೆಟ್ ಇನ್ನೂ ಜಾಣತನದ ಕೆಲಸ ಮಾಡಿದರು. 1983ರಲ್ಲಿ ಇಂಥ ಬೇಲಿ ಹಾರಿದ ಮ್ಯಾನೇಜರುಗಳನ್ನು ದಲಾತ್ ಗಿರಿಧಾಮಕ್ಕೆ ಕರೆಸಿ, ಅಲ್ಲಿ ವಿಶ್ರಾಂತಿಗೆ ಬಂದಿದ್ದ ಹಿರಿಯರೊಬ್ಬರ ಮುಂದೆ ಕೂರಿಸಿದರು. ಆ ಹಿರಿಯರು ಮತ್ಯಾರೂ ಅಲ್ಲ, ಕಿಮ್ ನ್ಗೋಕ್‌ರನ್ನು ಝಾಡಿಸಿದ್ದ ಅದೇ ಟ್ರುವಾಂಗ್ ಚಿನ್. ಎಪ್ಪತ್ತೈದು ದಾಟಿದ ಆ ಮನುಷ್ಯ ದಿನಗಟ್ಟಲೆ ಕೇಳಿಸಿಕೊಂಡರು, ಕಾರ್ಖಾನೆಗಳನ್ನು ಸುತ್ತಿ ನೋಡಿದರು, ಮನಸ್ಸು ಬದಲಿಸಿದರು. 1986ರಲ್ಲಿ ಪಕ್ಷದ ಚುಕ್ಕಾಣಿ ಅವರ ಕೈಗೆ ಬಂದಾಗ, ಆ ಡಿಸೆಂಬರಿನ ಮಹಾಧಿವೇಶನದಲ್ಲಿ ದೋಯಿ ಮೋಯಿ ಎಂಬ ಹೊಸ ಆರ್ಥಿಕ ನೀತಿಗೆ ದಾರಿ ಮಾಡಿಕೊಟ್ಟು ತಾವು ಪಕ್ಕಕ್ಕೆ ಸರಿದರು. ಆ ವಯಸ್ಸಿನಲ್ಲಿ ನಮ್ಮಲ್ಲನೇಕರು ಊಟದ ಹೊತ್ತನ್ನೂ ಬದಲಿಸಲೊಪ್ಪುವುದಿಲ್ಲ.

ಘೋಷಣೆಯಾದ ಮಾತ್ರಕ್ಕೆ ಬೆಳವಣಿಗೆ ಬರಲಿಲ್ಲ, ಅದನ್ನು ಹೇಳಬೇಕು. 1986ರಲ್ಲಿ ಹಣದುಬ್ಬರ ಶೇಕಡಾ 700 ದಾಟಿತ್ತು. ಬೆಳಿಗ್ಗೆ ಒಂದು ಬೆಲೆ, ಸಂಜೆಗೆ ಇನ್ನೊಂದು. ನಿಜವಾದ ತಿರುವು ಬಂದದ್ದು 1988-89ರಲ್ಲಿ. ಗದ್ದೆಗಳು ಪೂರ್ತಿಯಾಗಿ ಕುಟುಂಬಗಳ ಕೈಗೆ ಬಂದವು, ಬೆಲೆಗಳ ಮೇಲಿನ ಹಿಡಿತ ಹೋಯಿತು, ದಾರಿಯ ಚೆಕ್‌ಪೋಸ್ಟುಗಳು ಅಷ್ಟರಲ್ಲಾಗಲೇ ತೆರವಾಗಿದ್ದವು, ಬ್ಯಾಂಕ್ ಬಡ್ಡಿಯನ್ನು ಹಣದುಬ್ಬರಕ್ಕಿಂತ ಮೇಲೆ ಒಯ್ದು ನೋಟಿಗೆ ಮರ್ಯಾದೆ ತಂದರು. ಹಿಂದಿನ ವರ್ಷ ಅನ್ನವಿಲ್ಲದ ದೇಶ 1989ರಲ್ಲಿ ಹದಿನಾಲ್ಕು ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಅದೇ ಮಣ್ಣು, ಅದೇ ನೀರು, ಅವೇ ಎಮ್ಮೆಗಳು. ಬದಲಾದದ್ದು ಭತ್ತ ಯಾರದು ಎಂಬ ಒಂದೇ ವಿಷಯ.

ಈಗ ಕಾಫಿಗೆ ಬರೋಣ. ಅದಕ್ಕೆ ಜರ್ಮನಿಯ ಮೇಲೆ ಹಾದು ಬರಬೇಕು. ಹರಟೆಯಲ್ಲಿ ಸುತ್ತು ದಾರಿಗೆ ಸುಂಕವಿಲ್ಲ.

1975ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ತೋಟಗಳು ಸುಟ್ಟುಹೋದವು, ಲೋಕದಲ್ಲೆಲ್ಲ ಬೆಲೆ ಗಗನಕ್ಕೇರಿತು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ ಡಾಲರ್ ಕೊಟ್ಟು ಕಾಫಿ ಕೊಳ್ಳುವ ಶಕ್ತಿಯಿಲ್ಲ. 1977ರಲ್ಲಿ ಅದು ಶೇಕಡಾ 51 ಕಾಫಿ, ಉಳಿದದ್ದು ಹುರಿದ ಕಾಳು ಕಡ್ಡಿ ಸೇರಿಸಿದ ಒಂದು ಪುಡಿಯನ್ನು ಅಂಗಡಿಗೆ ಬಿಟ್ಟಿತು. ಜನ ಕೆರಳಿದರು, ದೂರಿನ ಕಾಗದ ಬರೆದರು, ದೇಶದ ಮುಖ್ಯಸ್ಥ ಎರಿಕ್ ಹೊನೆಕರ್ ಹೆಸರನ್ನೇ ಆ ಪುಡಿಗೆ ಕಟ್ಟಿ ಗೇಲಿ ಮಾಡಿದರು. ಸರ್ಕಾರ ತಲೆಬಾಗಿ ಅದನ್ನು ಹಿಂತೆಗೆಯಿತು. ನಮ್ಮ ದೇಶದ ಆಹಾರ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಪುಡಿಯಲ್ಲಿ ಕಾಫಿ ಕನಿಷ್ಠ ಎಷ್ಟಿರಬೇಕು ಗೊತ್ತೇ? ಶೇಕಡಾ 51! ಜರ್ಮನರನ್ನು ಬೀದಿಗೆಳೆಯುವಂತಿದ್ದ ಅಳತೆಯಲ್ಲೇ ನಾವು ಡಿಕಾಕ್ಷನ್ ಇಳಿಸಿ, ಭೇಷ್ ಎಂದು ಲೊಟ್ಟೆ ಹೊಡೆಯುತ್ತೇವೆ. ಕ್ರಾಂತಿಗೂ ನಾಲಿಗೆಗೂ ಇರುವ ಸಂಬಂಧವನ್ನು ಯಾರಾದರೂ ಅಧ್ಯಯನ ಮಾಡಬೇಕು.

ಇರಲಿ. ಪಾಠ ಕಲಿತ ಪೂರ್ವ ಜರ್ಮನಿ 1980ರಲ್ಲಿ ವಿಯೆಟ್ನಾಮಿನ ಜೊತೆ ಒಪ್ಪಂದ ಮಾಡಿಕೊಂಡಿತು. ಡಾಕ್ ಲಾಕ್ ಎಂಬ ಮೇಲುನಾಡಿನಲ್ಲಿ ಕಾಫಿ ತೋಟ ಎಬ್ಬಿಸಲು ಲಾರಿ, ಯಂತ್ರ, ತಜ್ಞರನ್ನು ಕಳಿಸುತ್ತೇವೆ, ಮುಂದೆ ಇಪ್ಪತ್ತು ವರ್ಷ ಫಸಲಿನಲ್ಲಿ ಅರ್ಧ ನಮಗೆ. ಯೋಜನೆ ಅಚ್ಚುಕಟ್ಟಾಗಿಯೇ ನಡೆಯಿತು. ಆದರೆ ಗಿಡಗಳು ಒಳ್ಳೆಯ ಫಸಲಿಗೆ ಬರುವ ಹೊತ್ತಿಗೆ 1990 ಬಂತು, ಪೂರ್ವ ಜರ್ಮನಿಯೇ ಭೂಪಟದಿಂದ ಮಾಯವಾಯಿತು. ನೆಟ್ಟವನು ಹೋದ, ತೋಟ ಉಳಿಯಿತು.

ಹಾಗಾದರೆ ವಿಯೆಟ್ನಾಮಿನ ಕಾಫಿ ಜರ್ಮನರ ಕೊಡುಗೆಯೇ? ಅಷ್ಟು ಸಲೀಸಾಗಿ ಹೇಳಲಾಗದು. ಸರ್ಕಾರಿ ತೋಟಗಳು ಸಸಿ, ರಸ್ತೆ, ತಿಳಿವಳಿಕೆ ಕೊಟ್ಟವು. ಆದರೆ 1990ರ ಸುಮಾರಿಗೆ ಇಡೀ ದೇಶದ ಬೆಳೆ 60 ಕಿಲೋ ಚೀಲದ ಲೆಕ್ಕದಲ್ಲಿ ಹದಿನೈದು ಲಕ್ಷವನ್ನೂ ಮುಟ್ಟಿರಲಿಲ್ಲ. 2000ದ ಹೊತ್ತಿಗೆ ಅದು ಒಂದೂವರೆ ಕೋಟಿ ಚೀಲದ ಹತ್ತಿರ ಬಂತು. ಈ ಹತ್ತು ಪಟ್ಟನ್ನು ಬೆಳೆದವರು ಒಂದೆರಡು ಎಕರೆ, ಹೆಚ್ಚೆಂದರೆ ಐದು ಎಕರೆಯ ಸಣ್ಣ ಹಿಡುವಳಿದಾರರು. 1993ರ ಭೂಕಾನೂನು ಜಮೀನಿನ ಒಡೆತನ ಸರ್ಕಾರದ್ದೆಂದೇ ಹೇಳಿದರೂ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 50 ವರ್ಷದ ಹಕ್ಕು ಕೊಟ್ಟಿತು. ಅದನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಮರುವರ್ಷವೇ ಬ್ರೆಜಿಲಿನಲ್ಲಿ ಮತ್ತೆ ಹಿಮ, ಮತ್ತೆ ಬೆಲೆ ಏರಿಕೆ. ಕಾಫಿ ನೆಡುವವನು ನಾಲ್ಕಾರು ವರ್ಷ ಕಾಯಬೇಕು. ನಾಳೆ ಈ ನೆಲ ನನ್ನದೇ ಎಂಬ ಧೈರ್ಯವಿಲ್ಲದವನು ಗೆಣಸು ನೆಟ್ಟಾನೇ ಹೊರತು ಕಾಫಿ ನೆಡಲಾರ.

ಇದೇ ಹೊತ್ತಿಗೆ ನಮ್ಮ ಮಲೆನಾಡು, ಕೊಡಗಿನಲ್ಲೂ ಒಂದು ಬೇಲಿ ಬೀಳುತ್ತಿತ್ತು. ನಮ್ಮದು ಕಮ್ಯುನಿಸ್ಟ್ ದೇಶವಲ್ಲದಿದ್ದರೂ ಕಾಫಿಯ ಮಟ್ಟಿಗೆ ಹೆಚ್ಚುಕಡಿಮೆ ಅದೇ ಕಥೆ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು. ರಾತ್ರಿ ಜೀಪಿನಲ್ಲಿ ಹೋದ ಕಾಫಿಯ ಕಥೆಗಳನ್ನು ತೋಟದ ಹಳೆಯ ರೈಟರುಗಳು ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದ ಮೇಲೆ ಪೂಲಿನ ಗಂಟು ಸಡಿಲವಾಯಿತು. 1992ರಿಂದ ಬೆಳೆಯ ಒಂದು ಪಾಲು, 1996ಕ್ಕೆ ಪೂರ್ತಿ ಬೆಳೆ, ಬೆಳೆಗಾರನದೇ ಮಾರಾಟ. ಬ್ರೆಜಿಲಿನ ಹಿಮದ ದುಡ್ಡು ಈ ಸಲ ಅವನ ಕೈಗೇ ಬಂತು. ಆ ವರ್ಷಗಳಲ್ಲಿ ಚಿಕ್ಕಮಗಳೂರು, ಸಕಲೇಶಪುರದಲ್ಲಿ ಎದ್ದ ಮನೆಗಳನ್ನೂ ಬಂದ ಕಾರುಗಳನ್ನೂ ಕಂಡವರಿಗೆ ಮಾರುಕಟ್ಟೆಯ ಸುಧಾರಣೆಯ ಮೇಲೆ ಭಾಷಣ ಬೇಕಿಲ್ಲ. 2001ರಲ್ಲಿ ಬೆಲೆ ನೆಲಕಚ್ಚಿದ್ದನ್ನು ಕಂಡವರಿಗೂ ಬೇಕಿಲ್ಲ.

ಇಷ್ಟು ಕೇಳಿದರೆ ಕೆಲಸ ಸುಲಭ ಅನ್ನಿಸುತ್ತದೆ: ಬೇಲಿ ಕಿತ್ತೆಸೆಯಿರಿ, ಬೆಳವಣಿಗೆ ಓಡಿ ಬರುತ್ತದೆ. ರಷ್ಯಾದವರಿಗೂ ಹಾಗೇ ಅನ್ನಿಸಿತ್ತು. 1992ರ ಜನವರಿ 2ರಂದು ಅಲ್ಲಿ ಬಹುತೇಕ ಬೆಲೆಗಳನ್ನು ಒಂದೇ ಏಟಿಗೆ ಬಿಟ್ಟರು. ಆ ವರ್ಷ ಹಣದುಬ್ಬರ ಶೇಕಡಾ 2500ರ ಆಸುಪಾಸು; ಮುದುಕರು ಕೂಡಿಟ್ಟದ್ದೆಲ್ಲ ಆವಿ. ಸರ್ಕಾರಿ ಕಾರ್ಖಾನೆಗಳಲ್ಲಿ ಎಲ್ಲರಿಗೂ ಪಾಲು ಎಂದು ಪ್ರತಿ ಪ್ರಜೆಗೆ 10,000 ರೂಬಲ್ ಮುಖಬೆಲೆಯ ಒಂದು ವೌಚರ್ ಹಂಚಿದರು. ಇದು ಎರಡು ವೋಲ್ಗಾ ಕಾರಿಗೆ ಸಮ ಎಂದು ಮಂತ್ರಿ ಅನಾತೊಲಿ ಚುಬಾಯ್ಸ್ ಹೇಳಿದ್ದರು. ಎಷ್ಟೋ ಜನ ಅದನ್ನು ಬಿಡಿಗಾಸಿಗೆ ಮಾರಿಕೊಂಡರು. 1995ರಲ್ಲಿ ಸರ್ಕಾರ ಹಣವಿಲ್ಲದೆ ತೈಲ, ನಿಕಲ್ ಕಂಪನಿಗಳ ಷೇರುಗಳನ್ನು ಬ್ಯಾಂಕುಗಳಲ್ಲಿ ಅಡವಿಟ್ಟಿತು. ಸಾಲ ತೀರಲಿಲ್ಲ, ಹರಾಜು ಹಾಕಿದವರೇ ಕೊಂಡುಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಹೊಲ ಸಿಗಲಾರದು. ಕಾರ್ಖಾನೆಗಳು ಸಂಬಳದ ಬದಲು ತಾವು ಮಾಡಿದ ಲೋಟ ತಟ್ಟೆಯನ್ನೇ ಕೊಟ್ಟವು. ಆ ದಶಕದಲ್ಲಿ ದೇಶದ ಉತ್ಪನ್ನ ನೂರಕ್ಕೆ ನಲವತ್ತರಷ್ಟು ಕುಗ್ಗಿತು. ಗಂಡಸರ ಸರಾಸರಿ ಆಯುಸ್ಸು 1994ರಲ್ಲಿ 58ಕ್ಕಿಂತ ಕೆಳಗಿಳಿಯಿತು. ಆರ್ಥಿಕತೆಯ ಅಂಕಿಯನ್ನು ನಾನು ಅನುಮಾನಿಸಬಲ್ಲೆ, ಸ್ಮಶಾನದ ಅಂಕಿಯನ್ನಲ್ಲ.

ವಿಯೆಟ್ನಾಮಿಗೆ ಯಾಕೆ ಹೀಗಾಗಲಿಲ್ಲ? ಸೋವಿಯತ್ ನೆರವು ಅವರಿಗೂ ನಿಂತಿತ್ತಲ್ಲ? ಒಂದು ಕಾರಣ ಸ್ವಲ್ಪ ವಿಚಿತ್ರ: ಅವರು ಸಾಕಷ್ಟು ಬಡವರಾಗಿದ್ದರು. ಹತ್ತರಲ್ಲಿ ಏಳು ಜನ ಹೊಲದಲ್ಲಿದ್ದರು. ಗುತ್ತಿಗೆ ಸಿಕ್ಕ ಮರುದಿನದಿಂದಲೇ ರೈತ ಹೆಚ್ಚು ಬೆಳೆಯಬಲ್ಲ. ಒಂದೇ ಟ್ಯಾಂಕ್ ಕಾರ್ಖಾನೆಯನ್ನು ನಂಬಿದ ರಷ್ಯಾದ ಊರು ಮರುದಿನದಿಂದ ಏನು ಮಾಡೀತು? ಓದು ಬರಹ ಬಲ್ಲವರು ಬಹುಪಾಲು ಇದ್ದರು, ಅದು ಹಳೆಯ ವ್ಯವಸ್ಥೆಯ ಪುಣ್ಯ. ಜೊತೆಗೆ, ಎಷ್ಟೇ ಲಂಚಕೋರವಾಗಿದ್ದರೂ ಸರ್ಕಾರ ಎಂಬುದೊಂದು ಕುಸಿಯದೆ ನಿಂತಿತ್ತು. ಇನ್ನೊಂದು ಕಾರಣ ನನ್ನ ಮಟ್ಟಿಗೆ ಮುಖ್ಯವಾದದ್ದು. ಅಲ್ಲಿ ಬೇಲಿ ಮುರಿದವರು ಹೊಲದ ಒಳಗಿದ್ದ ಸಾಮಾನ್ಯರು; ಕಾನೂನು ಅವರ ಹಿಂದೆ ನಡೆದು ಬಂತು. ಇಪ್ಪತ್ತು ವರ್ಷ ಕದ್ದು ವ್ಯಾಪಾರ ಮಾಡಿದವರಿಗೆ ಬೆಲೆ ಅಂದರೇನು, ಗಿರಾಕಿ ಅಂದರೇನು ಎಂದು ಹೇಳಿಕೊಡಬೇಕಿರಲಿಲ್ಲ.

ರಷ್ಯಾದ ಹಾಗೆ ದೊಡ್ಡ ಕಾರ್ಖಾನೆಗಳಿದ್ದೂ ಬೇಗ ಚೇತರಿಸಿಕೊಂಡವರು ಪೋಲೆಂಡಿನವರು. ಅವರೂ 1990ರ ಜನವರಿ 1ರಂದು ಬೆಲೆಗಳನ್ನು ಬಿಟ್ಟರು. ಆದರೆ ಅದಕ್ಕೂ ಒಂದು ವರ್ಷ ಮೊದಲು, ಇನ್ನೂ ಕಮ್ಯುನಿಸ್ಟ್ ಸರ್ಕಾರವಿದ್ದಾಗಲೇ, ಯಾರು ಬೇಕಾದರೂ ವ್ಯಾಪಾರ ಹೂಡಬಹುದೆಂಬ ಕಾನೂನು ತಂದಿದ್ದರು. ಜನ ವಾರ್ಸಾದ ಬೀದಿಯಲ್ಲಿ ಮಡಚುವ ಮಂಚ ಹಾಸಿ ಅದರ ಮೇಲೆ ಸಾಮಾನು ಹರವಿದರು, ಕಾರಿನ ಡಿಕ್ಕಿ ತೆಗೆದು ಮಾಂಸ ಮಾರಿದರು. ದೊಡ್ಡ ಕಾರ್ಖಾನೆಗಳನ್ನು ಮಾರಲು ಅವಸರ ಮಾಡಲಿಲ್ಲ, ಆದರೆ ನಷ್ಟ ತುಂಬಿಕೊಡುವ ಚಾಳಿಗೆ ಕಡಿವಾಣ ಹಾಕಿದರು. ಷೇರುಪೇಟೆ 1991ರಲ್ಲಿ ಶುರುವಾದದ್ದು ಕಮ್ಯುನಿಸ್ಟ್ ಪಕ್ಷದ ಹಳೆಯ ಮುಖ್ಯ ಕಚೇರಿಯಲ್ಲೇ, ಬರೇ ಐದು ಕಂಪನಿಗಳಿಂದ. 1996ರ ಹೊತ್ತಿಗೆ ಪೋಲೆಂಡ್ ಹಳೆಯ ಮಟ್ಟ ದಾಟಿತು, ಆ ಸಾಲಿನ ದೇಶಗಳಲ್ಲಿ ಎಲ್ಲರಿಗಿಂತ ಮೊದಲು.

ನಷ್ಟ ತುಂಬಿಕೊಡುವ ಚಾಳಿಯ ಬಗ್ಗೆ ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಷ್ ಕೊರ್ನಾಯ್ ಬಹಳ ಹಿಂದೆಯೇ ಬರೆದಿದ್ದರು. ಸೋತರೂ ಸರ್ಕಾರ ಕೈ ಹಿಡಿಯುತ್ತದೆಂದು ಗೊತ್ತಿರುವ ಕಾರ್ಖಾನೆ ಗಿರಾಕಿಯ ಮುಖ ನೋಡುವುದಿಲ್ಲ, ಮಂತ್ರಿಯ ಮುಖ ನೋಡುತ್ತದೆ ಎಂಬುದು ಅವರ ವಿಚಾರದ ತಿರುಳು. ಇದಕ್ಕೆ ಪಕ್ಷ, ಧ್ವಜ, ಬಣ್ಣದ ಭೇದವಿಲ್ಲ. ವಿಶ್ವಬ್ಯಾಂಕ್ ಕೂಡ 2002ರಲ್ಲಿ, ಮಾರುಕಟ್ಟೆಗೆ ಹೊರಳಿದ ದೇಶಗಳ ಮೊದಲ ಹತ್ತು ವರ್ಷದ ಲೆಕ್ಕ ತೆಗೆದಾಗ ಇದೇ ತೀರ್ಮಾನಕ್ಕೆ ಬಂತು. ಬೆಳವಣಿಗೆ ಬಂದದ್ದು ಹಳೆಯ ದೈತ್ಯರ ಒಡೆಯರನ್ನು ಬದಲಿಸಿದ್ದರಿಂದಲ್ಲ, ಹೊಸದಾಗಿ ಹುಟ್ಟಿದ ಸಣ್ಣವರಿಂದ. ಹಳಬರಿಗೆ ಶಿಸ್ತು, ಹೊಸಬರಿಗೆ ಪ್ರೋತ್ಸಾಹ, ಎರಡೂ ಜೊತೆಗೆ ಬೇಕು. ವಿಯೆಟ್ನಾಂ 2000ದಲ್ಲಿ ಜಾರಿಗೆ ಬಂದ ಉದ್ಯಮ ಕಾನೂನಿನಿಂದ ನೂರಕ್ಕೂ ಹೆಚ್ಚು ಬಗೆಯ ಪರವಾನಗಿಗಳನ್ನು ತೆಗೆದುಹಾಕಿದಾಗ ಹೊಸ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದವು. ವಿದೇಶಿ ಬಂಡವಾಳ, ಸ್ಯಾಮ್‌ಸಂಗ್ ಕಾರ್ಖಾನೆಗಳು ಆಮೇಲಿನ ಮಾತು. 1990ರಲ್ಲಿ ತಲಾ ಆದಾಯ ನೂರು ಡಾಲರಿನ ಆಸುಪಾಸಿದ್ದ ದೇಶದ್ದು ಈಗ ನಾಲ್ಕು ಸಾವಿರ ದಾಟಿದೆ.

ಇದೆಲ್ಲ ಪುಕ್ಕಟೆ ಬರಲಿಲ್ಲ. ಡಾಕ್ ಲಾಕಿನ ಕಾಡು ಕಾಫಿಗೆ ಬಲಿಯಾಯಿತು. ನೆರಳು ಮರವಿಲ್ಲದ ತೋಟ, ಮಿತಿಯಿಲ್ಲದ ಗೊಬ್ಬರ, ಬತ್ತಿದ ಬಾವಿಗಳು. ಬಯಲಿನಿಂದ ವಲಸೆ ಬಂದವರು ತೋಟ ಮಾಡಿದಂತೆಲ್ಲ ಅಲ್ಲಿನ ಮೂಲನಿವಾಸಿಗಳು ನೆಲ ಕಳೆದುಕೊಂಡರು. 2001ರಲ್ಲಿ ಆ ಸಿಟ್ಟು ಬೀದಿಗೆ ಬಂದಾಗ ಸರ್ಕಾರ ಅದನ್ನು ಬಲದಿಂದಲೇ ಅಡಗಿಸಿತು. ವ್ಯಾಪಾರಕ್ಕೆ ಬಾಯಿ ಬಿಡಬಹುದು, ರಾಜಕೀಯಕ್ಕೆ ಬಿಡುವಂತಿಲ್ಲ ಎಂಬ ಬೇಲಿ ಇನ್ನೂ ಭದ್ರವಾಗಿಯೇ ಇದೆ.

ಆದರೂ ಅಲ್ಲಿಯ ರೈತ ಈಗ ತನ್ನ ಲೆಕ್ಕ ತಾನೇ ಹಾಕುತ್ತಾನೆ. ಚೀನಾದವರು ಡುರಿಯನ್ ಹಣ್ಣಿಗೆ ಮುಗಿಬಿದ್ದದ್ದೇ ತಡ, ಕಾಫಿ, ಮೆಣಸು ಕಿತ್ತು ಡುರಿಯನ್ ನೆಡುತ್ತಿದ್ದಾನೆ. ಅದರ ಜೊತೆ ಬರವೂ ಸೇರಿ 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು, ನಮ್ಮವರ ಕಿಸೆಯೂ ತುಂಬಿತು. ಆಗ ಮಾತ್ರ ಯಾರೂ ವಿಯೆಟ್ನಾಮಿಗೆ ಕೃತಜ್ಞತೆ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅದು ನಮ್ಮ ಬೇಸಾಯದ ಕೌಶಲ ಎಂದಾಯಿತು.

ಹಾಗಾಗಿ ಈಗ ಯಾರಾದರೂ ಒಂದು ದೇಶ, ಒಂದು ರಾಜ್ಯ ಬಹಳ ಬೆಳೆಯುತ್ತಿದೆ ಎಂದು ಅಂಕಿಅಂಶ ಹಿಡಿದು ಬಂದರೆ ನಾನು ಎರಡು ವಿಷಯ ವಿಚಾರಿಸುತ್ತೇನೆ. ಹೊಸದಾಗಿ ಅಂಗಡಿ ತೆರೆಯುವವನು ಎಷ್ಟು ಕಚೇರಿ ಸುತ್ತಬೇಕು? ಮುಳುಗಿದ ದೊಡ್ಡವನ ಸಾಲ ಯಾರ ತಲೆಗೆ ಬರುತ್ತದೆ? ಮೊದಲನೆಯದಕ್ಕೆ ಒಂದೆರಡು, ಎರಡನೆಯದಕ್ಕೆ ಅವನದೇ ತಲೆಗೆ ಎಂಬ ಉತ್ತರ ಬಂದರೆ ಅಂಕಿಯನ್ನು ನಂಬುತ್ತೇನೆ. ತಿರುಗುಮುರುಗಾಗಿ ಬಂದರೆ, ಬಂದವರಿಗೆ ಕಾಫಿ ಕೊಟ್ಟು ಮಾತು ಬದಲಿಸುತ್ತೇನೆ.